ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಆನರ್ಸ್: ಸೇರುವ ಮುನ್ನ, ಸೇರಿದ ಮೇಲೆ

ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷಕ್ಕೆ, ಅಂದರೆ ಹನ್ನೆರಡನೆಯ ತರಗತಿಗೆ ಕಾಲಿಟ್ಟ ಮಕ್ಕಳಿರುವ ಮನೆಗಳಿಂದ ಸೆಪ್ಟೆಂಬರ್ ತಿಂಗಳಲ್ಲಿ ನನಗೆ ಬರುವ ಫೋನ್ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ವಿಶ್ವವಿದ್ಯಾಲಯದ ಅರ್ಜಿಯ ಜೊತೆಗೆ ಆನರ್ಸ್ ಕಾರ್ಯಕ್ರಮಕ್ಕೂ ಅರ್ಜಿ ಹಾಕಬೇಕೇ, ಹಾಕಿದರೆ ಅದರಿಂದ ಆಗುವ ಪ್ರಯೋಜನವಾದರೂ ಏನು? ಕೇಳುವವರ ದನಿಯಲ್ಲಿ ಆಸೆಯೂ ಇರುತ್ತದೆ, ಅಳುಕೂ ಇರುತ್ತದೆ. ಪದವಿಯ ಪಕ್ಕದಲ್ಲಿ ಇನ್ನೊಂದು ಗೌರವ ಸೇರಿಕೊಳ್ಳುತ್ತದೆ ಎಂಬುದು ಆಸೆ. ಎಂಜಿನಿಯರಿಂಗ್‌ನಂಥ ಓದಿನ ಮೇಲೆ ಮತ್ತೊಂದು ಹೊರೆ ಬಿದ್ದರೆ ಜಿಪಿಎ, ಅಂದರೆ ಅಂಕಗಳ ಸರಾಸರಿ, ಕುಸಿದೀತು ಎಂಬುದು ಅಳುಕು. ನಾನು ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಆನರ್ಸ್ ವಿದ್ಯಾರ್ಥಿನಿಯಾಗಿ ಇತಿಹಾಸ ಓದಿದವಳು, ಮತ್ತು ಕೆಲವು ವರ್ಷಗಳಿಂದ ಇಂಥದೇ ಕಾರ್ಯಕ್ರಮವೊಂದಕ್ಕೆ ಬರುವ ಅರ್ಜಿಗಳನ್ನು ಓದುವ ಸಮಿತಿಯಲ್ಲಿದ್ದೇನೆ. ಎರಡೂ ಕಡೆಯಿಂದ ನೋಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಒಂದೇ: ಈ ಕಾರ್ಯಕ್ರಮದ ಜೀವ ಇರುವುದು ಕೊನೆಯ ವರ್ಷ ಬರೆಯುವ ಸಂಶೋಧನಾ ಪ್ರಬಂಧದಲ್ಲಿ, ಅಂದರೆ ಥೀಸಿಸ್‌ನಲ್ಲಿ, ಅದನ್ನು ಬರೆಯುವಾಗ ಒಬ್ಬ ಅಧ್ಯಾಪಕರ ಜೊತೆ ಕೂತು ಕೆಲಸ ಮಾಡುವ ಅವಕಾಶದಲ್ಲಿ. ಉಳಿದ ಸೌಲಭ್ಯಗಳೆಲ್ಲ ಅದಕ್ಕೆ ಒದಗಿಬರುವ ಅನುಕೂಲಗಳು. ಅರ್ಜಿ ಹಾಕುವ ಹೊತ್ತಿನಿಂದಲೇ ಈ ಮಾತು ತಲೆಯಲ್ಲಿದ್ದರೆ ಹಲವು ಗೊಂದಲಗಳು ತಾವಾಗಿಯೇ ಬಗೆಹರಿಯುತ್ತವೆ.

ಭಾರತದಲ್ಲಿ ಬಿ.ಎ. ಆನರ್ಸ್ ಅಥವಾ ಬಿ.ಕಾಂ. ಆನರ್ಸ್ ಎಂದರೆ ಒಂದು ವಿಷಯದಲ್ಲಿ ಹೆಚ್ಚಿನ ಪತ್ರಿಕೆಗಳನ್ನು ಓದಿ ಪಡೆಯುವ ಪದವಿ ಎಂಬ ತಿಳಿವಳಿಕೆ ನಮ್ಮವರಲ್ಲಿದೆ. ಅಮೆರಿಕದ ಆನರ್ಸ್ ಹಾಗಲ್ಲ. ವಿದ್ಯಾರ್ಥಿಯ ಪದವಿ ಯಾವ ವಿಷಯದ್ದಾದರೂ ಇರಬಹುದು, ಆ ಓದಿನ ಜೊತೆಜೊತೆಗೇ ಸಾಗುವ ಇನ್ನೊಂದು ವ್ಯಾಸಂಗಕ್ರಮ ಇದು. ಪದವಿ ಪ್ರದಾನದಂದು ಜಿಪಿಎ ಆಧರಿಸಿ ಕೊಡುವ ಕುಂ ಲಾಡೆ, ಮ್ಯಾಗ್ನಾ ಕುಂ ಲಾಡೆ ಎಂಬ ಲ್ಯಾಟಿನ್ ಗೌರವಗಳು ಬೇರೆ. 1776ರಲ್ಲಿ ಸ್ಥಾಪನೆಯಾದ ಫೈ ಬೀಟಾ ಕ್ಯಾಪಾದಂಥ ಆನರ್ ಸೊಸೈಟಿಗಳೂ ಬೇರೆ; ಅವು ಮುಖ್ಯವಾಗಿ ಆಗಲೇ ಮಾಡಿದ ಸಾಧನೆಯನ್ನು ಗುರುತಿಸುತ್ತವೆ, ಆನರ್ಸ್ ಕಾರ್ಯಕ್ರಮವು ಮುಂದೆ ಮಾಡಬೇಕಾದ ಕೆಲಸವನ್ನು ವಹಿಸಿಕೊಡುತ್ತದೆ. ಹೆಸರೇ ಕೇಳಿಲ್ಲದ ಸೊಸೈಟಿಯೊಂದು ಸದಸ್ಯತ್ವ ಶುಲ್ಕ ಕೇಳಿ ಮನೆಗೆ ಅಂದವಾದ ಪತ್ರ ಕಳಿಸಿದರೆ, ಅದನ್ನು ಆನರ್ಸ್ ಪ್ರವೇಶವೆಂದು ಭಾವಿಸಿ ಹಣ ಕಟ್ಟುವ ಮೊದಲು ವಿಶ್ವವಿದ್ಯಾಲಯದ ಆನರ್ಸ್ ಕಚೇರಿಯನ್ನೇ ನೇರವಾಗಿ ಕೇಳುವುದು ಒಳ್ಳೆಯದು.

ಈ ವ್ಯವಸ್ಥೆ ಯಾಕೆ ಹುಟ್ಟಿತು ಎಂಬುದನ್ನು ತಿಳಿದರೆ ಅದರಿಂದ ಏನನ್ನು ಪಡೆಯಬೇಕು ಎಂಬುದೂ ತಿಳಿಯುತ್ತದೆ. ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿಗೆ 1921ರಲ್ಲಿ ಅಧ್ಯಕ್ಷರಾಗಿ ಬಂದ ಫ್ರ್ಯಾಂಕ್ ಏಡಲಾಟ್, ಅದಕ್ಕೂ ಮುಂಚೆ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ನಲ್ಲಿ ಓದಿದ್ದರು. ತರಗತಿಯಲ್ಲಿ ಎಲ್ಲರಿಗೂ ಒಂದೇ ವೇಗದಲ್ಲಿ ಪಾಠ ಹೇಳಿ, ವಾರವಾರಕ್ಕೂ ಪರೀಕ್ಷೆ ಇಟ್ಟು, ಹಾಜರಿ ತೆಗೆದುಕೊಳ್ಳುವ ಪದ್ಧತಿಯು ಸ್ವಂತ ಬಲದ ಮೇಲೆ ಓದಬಲ್ಲವರನ್ನು ಕಟ್ಟಿಹಾಕುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. 1922ರಲ್ಲಿ ಅವರು ಆರಂಭಿಸಿದ ಕ್ರಮದಲ್ಲಿ, ಕೊನೆಯ ಎರಡು ವರ್ಷ ಆನರ್ಸ್ ವಿದ್ಯಾರ್ಥಿಗಳು ಸಾಮಾನ್ಯ ತರಗತಿಗಳ ಬದಲು ಬೆರಳೆಣಿಕೆಯಷ್ಟು ಮಂದಿಯ ಸೆಮಿನಾರುಗಳಲ್ಲಿ ಕೂತು, ತಾವೇ ಬರೆದ ಲೇಖನಗಳನ್ನು ಓದಿ ಚರ್ಚಿಸುತ್ತಿದ್ದರು. ಕೊನೆಗೆ ಅವರನ್ನು ಲಿಖಿತವಾಗಿಯೂ ಮೌಖಿಕವಾಗಿಯೂ ಪರೀಕ್ಷಿಸಲು ಬೇರೆ ಸಂಸ್ಥೆಗಳಿಂದ ಪರೀಕ್ಷಕರು ಬರುತ್ತಿದ್ದರು. ಹೊರಗಿನ ಪರೀಕ್ಷಕರ ಪದ್ಧತಿ ಆ ಕಾಲೇಜಿನಲ್ಲಿ ಇಂದಿಗೂ ಇದೆ. ಈ ಏರ್ಪಾಡಿನ ಸೊಗಸು ಇರುವುದು ಅದು ಗುರುಶಿಷ್ಯರ ನಡುವೆ ತರುವ ಬದಲಾವಣೆಯಲ್ಲಿ. ಅಂಕ ಕೊಡುವವರು ಹೊರಗಿನವರಾದಾಗ ಕಲಿಸುವವರು ತೀರ್ಪುಗಾರರ ಪಾತ್ರವನ್ನು ಕಳಚಿಟ್ಟು ವಿದ್ಯಾರ್ಥಿಯ ಪಕ್ಕಕ್ಕೆ ಬಂದು ಕೂರಬಲ್ಲರು. ಇಬ್ಬರೂ ಸೇರಿ ಒಂದು ಕಷ್ಟದ ಪ್ರಶ್ನೆಯನ್ನು ಎದುರಿಸುವ ಸ್ಥಿತಿ ಅಲ್ಲಿ ಸಹಜವಾಗಿಯೇ ಉಂಟಾಗುತ್ತದೆ. ಇಂದಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹೊರಗಿನ ಪರೀಕ್ಷಕರು ಅಪರೂಪ, ಆದರೆ ಥೀಸಿಸ್ ಮಾರ್ಗದರ್ಶಕರ ಜೊತೆಗಿನ ಕೆಲಸದಲ್ಲಿ ಆ ಹಳೆಯ ಆಶಯ ಇನ್ನೂ ಉಳಿದಿದೆ ಎಂದೇ ನಾನು ನಂಬಿದ್ದೇನೆ.

ಸಣ್ಣ ಕಾಲೇಜಿನಲ್ಲಿ ಸಾಧ್ಯವಾದದ್ದನ್ನು ಸಾವಿರಾರು ವಿದ್ಯಾರ್ಥಿಗಳಿರುವ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ತರುವ ಪ್ರಯತ್ನ ಆಮೇಲೆ ನಡೆಯಿತು. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕೇಂದ್ರದಲ್ಲಿ ಪ್ಲಾನ್ ಟೂ ಎಂಬ ಕಾರ್ಯಕ್ರಮ 1935ರಲ್ಲೇ ಶುರುವಾಗಿತ್ತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ, ಪ್ರತಿಭಾವಂತ ವಿದ್ಯಾರ್ಥಿಗಳನ್ನು ನಾವು ಸರಿಯಾಗಿ ಬೆಳೆಸುತ್ತಿದ್ದೇವೆಯೇ ಎಂಬ ಆತಂಕ ಇಡೀ ದೇಶವನ್ನು ಹಿಡಿದುಕೊಂಡಿತು, ಮತ್ತು ಆನರ್ಸ್ ಕಾರ್ಯಕ್ರಮಗಳು ಅಲ್ಲಿಂದ ವೇಗವಾಗಿ ಹರಡಿದವು. ಒರೆಗಾನ್ ವಿಶ್ವವಿದ್ಯಾಲಯದ ಆನರ್ಸ್ ಕಾಲೇಜು, ಅಂದರೆ ವಿಶ್ವವಿದ್ಯಾಲಯದೊಳಗೇ ಆನರ್ಸ್ ವಿದ್ಯಾರ್ಥಿಗಳಿಗಾಗಿ ಇರುವ ಕಾಲೇಜು, 1960ರದ್ದು. ಇಂಥ ಕಾರ್ಯಕ್ರಮಗಳ ರಾಷ್ಟ್ರೀಯ ಮಂಡಳಿ ರೂಪುಗೊಂಡದ್ದು 1966ರಲ್ಲಿ. ದಾನಿಗಳ ದೊಡ್ಡ ಕೊಡುಗೆಗಳಿಂದ ಪೆನ್ ಸ್ಟೇಟ್‌ನ ಶ್ರೇಯರ್, ಅರಿಜೋನಾ ಸ್ಟೇಟ್‌ನ ಬ್ಯಾರೆಟ್ ಮೊದಲಾದ ಆನರ್ಸ್ ಕಾಲೇಜುಗಳು ಬಲಗೊಂಡಿವೆ. ಖಾಸಗಿ ಕಾಲೇಜಿನ ಶುಲ್ಕವನ್ನು ಕಟ್ಟಲಾಗದ ಅಥವಾ ಕಟ್ಟಲು ಇಷ್ಟವಿಲ್ಲದ ಕುಟುಂಬಗಳಿಗೆ ಇವು ತುಂಬ ಮುಖ್ಯವಾದ ದಾರಿ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಆರಂಭವಾದ ಮೆಕಾಲೆ ಆನರ್ಸ್ ಕಾಲೇಜು, ಆ ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕದ ಭಾರವೇ ಬೀಳದಂತೆ ನೋಡಿಕೊಳ್ಳುತ್ತದೆ ಎಂಬುದನ್ನು ತಿಳಿಸಿದಾಗ ಪೋಷಕರು ಮತ್ತೆ ಮತ್ತೆ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ.

ಪ್ರವೇಶದ ರೀತಿ ಎಲ್ಲೆಡೆ ಒಂದೇ ಆಗಿಲ್ಲ. ಕೆಲವು ಕಡೆ ವಿಶ್ವವಿದ್ಯಾಲಯದ ಅರ್ಜಿಯನ್ನೇ ನೋಡಿ ಆಹ್ವಾನ ಕಳಿಸುತ್ತಾರೆ. ಹಲವೆಡೆ ಪ್ರತ್ಯೇಕ ಅರ್ಜಿಯೂ ಪ್ರತ್ಯೇಕ ಬರಹಗಳೂ ಬೇಕು, ಕೆಲವೆಡೆ ಸಂದರ್ಶನವೂ ಇರುತ್ತದೆ. ಪ್ರತ್ಯೇಕ ಅರ್ಜಿಯ ಗಡುವು ಸಾಮಾನ್ಯ ಪ್ರವೇಶದ ಗಡುವಿಗಿಂತ ಬೇಗ, ನವೆಂಬರ್ ತಿಂಗಳ ಆರಂಭದಲ್ಲೇ ಮುಗಿದುಹೋಗುವುದುಂಟು, ಆದ್ದರಿಂದ ದಿನಾಂಕಗಳನ್ನು ಬೇಸಿಗೆ ರಜೆಯಲ್ಲೇ ಗುರುತುಹಾಕಿಕೊಳ್ಳಬೇಕು. ಹೈಸ್ಕೂಲಿನಲ್ಲಿ ಸಿಗುವ ಕಠಿಣ ಪಾಠಗಳನ್ನು ಆಯ್ದುಕೊಂಡು ಚೆನ್ನಾಗಿ ಮಾಡಿರಬೇಕು ಎಂಬುದು ಎಲ್ಲ ಕಡೆಗೂ ಅನ್ವಯಿಸುವ ಮಾತು. ಆದರೆ ಸಮಿತಿಯ ಮೇಜಿಗೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಅರ್ಜಿದಾರರ ಅಂಕಗಳೂ ಚೆನ್ನಾಗಿಯೇ ಇರುತ್ತವೆ. ಅಲ್ಲಿಂದ ಮುಂದೆ ತೂಗುವುದು ಬರಹ, ಮತ್ತು ಅಧ್ಯಾಪಕರ ಶಿಫಾರಸು ಪತ್ರ.

ಬರಹದ ವಿಚಾರದಲ್ಲಿ ನಮ್ಮ ಮನೆಗಳ ಮಕ್ಕಳು ಅನೇಕ ಸಲ ತಮ್ಮ ಸಾಧನೆಗಳನ್ನೇ ವಾಕ್ಯಗಳಲ್ಲಿ ಜೋಡಿಸಿ ಕಳಿಸುತ್ತಾರೆ: ರೋಬಾಟಿಕ್ಸ್ ತಂಡದ ನಾಯಕತ್ವ, ಸಂಗೀತ ಅಥವಾ ನೃತ್ಯದ ಪ್ರಶಸ್ತಿ, ಸ್ವಯಂಸೇವೆಯ ಗಂಟೆಗಳು. ಅವೆಲ್ಲ ಅರ್ಜಿಯ ಬೇರೆ ಪುಟದಲ್ಲಿ ಆಗಲೇ ಇರುತ್ತವೆ. ಓದುವವರಿಗೆ ಬೇಕಾಗಿರುವುದು ಈ ಹುಡುಗ ಅಥವಾ ಹುಡುಗಿ ಯಾವುದೋ ಒಂದು ವಿಷಯವನ್ನು ಹಿಡಿದರೆ ಬಿಡದೆ ಬೆನ್ನುಹತ್ತುವ ಸ್ವಭಾವದವರೇ ಎಂಬುದಕ್ಕೆ ಒಂದು ಸಾಕ್ಷಿ. ನಾನು ಓದಿದ ಬರಹಗಳಲ್ಲಿ ಇಂದಿಗೂ ನೆನಪಿರುವುದು ಬಸ್ಸಿನ ಬಗ್ಗೆ ಒಬ್ಬಳು ಬರೆದದ್ದು. ಸಂಜೆ ಕೆಲಸದಿಂದ ಮನೆಗೆ ಹೋಗಲು ಅವಳು ಹಿಡಿಯುತ್ತಿದ್ದ ಬಸ್ಸು ವಾರದಲ್ಲಿ ಕೆಲವು ದಿನ ಮಾತ್ರ ತಡವಾಗುತ್ತಿತ್ತು. ಅವಳು ಬಸ್ ನಿಲ್ದಾಣದಲ್ಲಿ ನಿಂತು, ವೇಳಾಪಟ್ಟಿಯ ಸಮಯವನ್ನೂ ಬಸ್ಸು ನಿಜವಾಗಿ ಬಂದ ಸಮಯವನ್ನೂ ನೋಟ್‌ಬುಕ್ಕಿನಲ್ಲಿ ಎರಡು ಕಾಲಂಗಳಾಗಿ ಬರೆಯತೊಡಗಿದಳು. ಮಳೆ ಬಂದ ದಿನ, ಶಾಲೆಗೆ ರಜೆಯಿದ್ದ ದಿನ ಎಂದು ಪಕ್ಕದಲ್ಲಿ ಗುರುತು ಹಾಕಿದಳು. ಕೊನೆಗೆ ತನ್ನ ಊಹೆಗಳೆಲ್ಲ ಬಿದ್ದುಹೋದ ಮೇಲೆ ಚಾಲಕನನ್ನೇ ಕೇಳಿದಳು. ಆ ದಿನಗಳಲ್ಲಿ ದಾರಿಯಲ್ಲಿರುವ ಡಯಾಲಿಸಿಸ್ ಕೇಂದ್ರದಿಂದ ಗಾಲಿಕುರ್ಚಿಯ ರೋಗಿಗಳು ಹತ್ತುತ್ತಾರೆ, ಅವರನ್ನು ಹತ್ತಿಸಿ ಭದ್ರವಾಗಿ ಕೂರಿಸುವ ಹೊತ್ತನ್ನು ವೇಳಾಪಟ್ಟಿ ಮಾಡಿದವರು ಲೆಕ್ಕಕ್ಕೆ ಹಿಡಿದಿಲ್ಲ ಎಂದು ತಿಳಿಯಿತು. ವೇಳಾಪಟ್ಟಿಯಲ್ಲಿ ಯಾರ ಸಮಯ ಎಣಿಕೆಗೆ ಬರುತ್ತದೆ ಎಂಬ ಪ್ರಶ್ನೆಯೊಂದಿಗೆ ಅವಳ ಬರಹ ನಿಂತಿತ್ತು. ಅದರಲ್ಲಿ ಒಂದೇ ಒಂದು ಪ್ರಶಸ್ತಿಯ ಉಲ್ಲೇಖವೂ ಇರಲಿಲ್ಲ. ಕಾಲೇಜಿನಲ್ಲಿ ಏನನ್ನು ಓದುತ್ತೇನೆ ಎಂದೂ ಅವಳು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಸೆಮಿನಾರಿನ ಮೇಜಿನ ಸುತ್ತ ಇವಳು ಕೂತರೆ ಉಳಿದವರಿಗೂ ಲಾಭವಾಗುತ್ತದೆ ಎಂದು ಓದಿದವರೆಲ್ಲರಿಗೂ ಅನ್ನಿಸಿತ್ತು.

ಶಿಫಾರಸು ಪತ್ರಕ್ಕೂ ಇದೇ ಅಳತೆ. ಅತಿ ಹೆಚ್ಚು ಅಂಕ ಬಂದ ತರಗತಿಯ ಅಧ್ಯಾಪಕರಿಗಿಂತ, ಯಾರ ಜೊತೆ ವಾದ ಮಾಡಿದ್ದೀರೋ, ಯಾರ ಬಳಿಗೆ ತರಗತಿ ಮುಗಿದ ಮೇಲೂ ಹೋಗಿ ಪ್ರಶ್ನೆ ಕೇಳಿದ್ದೀರೋ ಅವರು ಬರೆಯುವ ಪತ್ರಕ್ಕೆ ಹೆಚ್ಚು ಬೆಲೆಯಿದೆ. ಇಂಥ ಅಧ್ಯಾಪಕರು ಬರೆದ ಒಂದು ಪುಟದಲ್ಲಿ ವಿದ್ಯಾರ್ಥಿಯ ನಡೆನುಡಿ ಕಣ್ಣಿಗೆ ಕಟ್ಟುತ್ತದೆ.

ಸೇರಿದ ಮೇಲೆ ಮೊದಲ ವರ್ಷ ಸಿಗುವುದು ಮುಖ್ಯವಾಗಿ ಸಣ್ಣ ತರಗತಿಗಳು. ನೂರಾರು ಜನ ಕೂರುವ ಉಪನ್ಯಾಸ ಮಂದಿರದಲ್ಲಿ ರಸಾಯನಶಾಸ್ತ್ರ ಕೇಳುವ ವಿದ್ಯಾರ್ಥಿ, ವಾರದಲ್ಲಿ ಎರಡು ಮೂರು ಬಾರಿಯಾದರೂ ಒಂದು ಮೇಜಿನ ಸುತ್ತ ಕೂತು ಮಾತನಾಡಲೇಬೇಕಾದ ಸೆಮಿನಾರಿಗೆ ಹೋಗುತ್ತಾನೆ. ಬ್ಯಾರೆಟ್ ಕಾಲೇಜಿನಲ್ಲಿ ದಿ ಹ್ಯೂಮನ್ ಇವೆಂಟ್ ಎಂಬ ಎರಡು ಸೆಮಿಸ್ಟರುಗಳ ಸೆಮಿನಾರ್ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಯೂ ಸಂಗೀತದ ವಿದ್ಯಾರ್ಥಿಯೂ ಪ್ರಾಚೀನ ಕಾಲದಿಂದ ಇತ್ತೀಚಿನವರೆಗಿನ ಮೂಲ ಕೃತಿಗಳನ್ನು ಒಟ್ಟಿಗೆ ಓದಿ ಚರ್ಚಿಸುವ ಪಾಠ ಅದು. ನಮ್ಮ ಮಕ್ಕಳಲ್ಲಿ ಹಲವರು ಚೆನ್ನಾಗಿ ಬರೆಯುತ್ತಾರೆ, ಆದರೆ ಹಿರಿಯರ ಎದುರು ಭಿನ್ನಾಭಿಪ್ರಾಯವನ್ನು ಬಾಯಿಬಿಟ್ಟು ಹೇಳುವುದಕ್ಕೆ ಹಿಂಜರಿಯುತ್ತಾರೆ. ಗೌರವ ಕಳೆಯದೆ ಒಪ್ಪದಿರುವುದನ್ನು, ತನ್ನ ಮಾತಿಗೆ ಪುಟದ ಸಂಖ್ಯೆ ತೋರಿಸಿ ಆಧಾರ ಕೊಡುವುದನ್ನು ಸೆಮಿನಾರು ಕಲಿಸುತ್ತದೆ, ಮತ್ತು ಮುಂದೆ ಥೀಸಿಸ್‌ಗೆ ಬೇಕಾಗುವ ಮೊದಲ ಕೌಶಲ ಇದೇ.

ಉಳಿದ ಸೌಲಭ್ಯಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಕೋರ್ಸ್ ನೋಂದಣಿಯಲ್ಲಿ ಸಿಗುವ ಆದ್ಯತೆ. ಬೇಕಾದ ಪಾಠದಲ್ಲಿ ಸೀಟು ಸಿಗದೆ ಪದವಿ ಒಂದು ಸೆಮಿಸ್ಟರ್ ಮುಂದಕ್ಕೆ ಹೋಗುವ ಸಾಧ್ಯತೆ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನಿಜವಾಗಿಯೂ ಇರುವುದರಿಂದ ಇದು ಸಣ್ಣ ಅನುಕೂಲವಲ್ಲ. ಆನರ್ಸ್ ವಿದ್ಯಾರ್ಥಿಗಳಿಗೇ ಮೀಸಲಾದ ಹಾಸ್ಟೆಲುಗಳೂ ಇವೆ. ಮೊದಲ ವರ್ಷಕ್ಕೆ ಅವು ಹಿತವಾದ ಜಾಗ, ಆದರೆ ನಾಲ್ಕೂ ವರ್ಷ ಅದೇ ಮುಖಗಳ ನಡುವೆ ಇರುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಆನರ್ಸ್ ಕಾಂಟ್ರಾಕ್ಟ್ ಎಂಬ ಇನ್ನೊಂದು ಏರ್ಪಾಡಿದೆ: ಸಾಮಾನ್ಯ ಕೋರ್ಸೊಂದರಲ್ಲಿ ಅಧ್ಯಾಪಕರೊಡನೆ ಒಪ್ಪಂದ ಮಾಡಿಕೊಂಡು, ಹೆಚ್ಚಿನ ಕೆಲಸ ಮಾಡಿ, ಆ ಕೋರ್ಸನ್ನು ಆನರ್ಸ್ ಲೆಕ್ಕಕ್ಕೆ ಸೇರಿಸಿಕೊಳ್ಳುವುದು. ಹತ್ತು ಪುಟದ ಬದಲು ಹದಿನೈದು ಪುಟ ಬರೆದುಕೊಡುತ್ತೇನೆ ಎಂಬಂಥ ಒಪ್ಪಂದಗಳಿಂದ ಯಾರಿಗೂ ಉಪಯೋಗವಿಲ್ಲ. ಅದರ ಬದಲು ಅಧ್ಯಾಪಕರ ಪ್ರಯೋಗಾಲಯದಲ್ಲಿ ಒಂದು ದತ್ತಾಂಶವನ್ನು ಶುದ್ಧಗೊಳಿಸಿಕೊಡುವುದು, ಅವರು ಬರೆಯುತ್ತಿರುವ ಪುಸ್ತಕಕ್ಕೆ ಆಕರಗಳ ಪಟ್ಟಿ ತಯಾರಿಸುವುದು, ಇಂಥದೇನನ್ನಾದರೂ ಕೇಳಿಕೊಂಡರೆ ಕಾಂಟ್ರಾಕ್ಟ್ ಎಂಬುದು ಥೀಸಿಸ್ ಮಾರ್ಗದರ್ಶಕರನ್ನು ಹುಡುಕಿಕೊಳ್ಳುವ ಅತ್ಯುತ್ತಮ ದಾರಿಯಾಗುತ್ತದೆ. ಒಬ್ಬರ ಜೊತೆ ಕೆಲಸ ಮಾಡುವುದು ಹೇಗಿರುತ್ತದೆ ಎಂಬುದು ಒಂದು ಸೆಮಿಸ್ಟರಿನಲ್ಲೇ ಇಬ್ಬರಿಗೂ ತಿಳಿದುಬಿಡುತ್ತದೆ.

ಇನ್ನು ಥೀಸಿಸ್. ಎಲ್ಲ ಕಾರ್ಯಕ್ರಮಗಳೂ ಅದನ್ನು ಕಡ್ಡಾಯ ಮಾಡುವುದಿಲ್ಲ. ಶ್ರೇಯರ್, ಬ್ಯಾರೆಟ್‌ಗಳಂಥವು ಮಾಡುತ್ತವೆ. ಕೆಲವೆಡೆ ಇಷ್ಟು ಆನರ್ಸ್ ಕ್ರೆಡಿಟ್‌ಗಳನ್ನು ಮುಗಿಸಿದರೆ ಸಾಕು. ಕಡ್ಡಾಯವಿಲ್ಲದ ಕಡೆಯೂ ಬರೆಯಿರಿ ಎಂದೇ ನಾನು ಹೇಳುತ್ತೇನೆ. ಸಾಮಾನ್ಯವಾಗಿ ಮೂರನೆಯ ವರ್ಷದಲ್ಲಿ ವಿಷಯವನ್ನೂ ಮಾರ್ಗದರ್ಶಕರನ್ನೂ ಗೊತ್ತುಮಾಡಿಕೊಂಡು ಪ್ರಸ್ತಾವ ಸಲ್ಲಿಸಬೇಕು. ಕೊನೆಯ ವರ್ಷ ಬರೆದು, ಎರಡನೆಯ ಓದುಗರಿಗೂ ತೋರಿಸಿ, ಸಮಿತಿಯ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರಿಸಬೇಕು. ವಿಜ್ಞಾನದ ವಿದ್ಯಾರ್ಥಿಗಳಿಗೆ ವಿಷಯ ಬಹುಮಟ್ಟಿಗೆ ಪ್ರಯೋಗಾಲಯದಿಂದಲೇ ಬರುವುದರಿಂದ ಅವರು ಎರಡನೆಯ ವರ್ಷದಲ್ಲೇ ಒಂದು ಪ್ರಯೋಗಾಲಯವನ್ನು ಸೇರಿಕೊಂಡಿರಬೇಕು. ಮಾನವಿಕ ವಿಷಯಗಳವರಿಗೆ ವಿಷಯವನ್ನು ಹುಡುಕುವುದೇ ಅರ್ಧ ಕೆಲಸ.

ನನ್ನ ವಿಷಯ 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕದ ಸಮಯದಲ್ಲಿ ಒಂದು ಸಣ್ಣ ಪಟ್ಟಣದ ಪತ್ರಿಕೆ ಏನು ಬರೆಯಿತು ಎಂಬುದಾಗಿತ್ತು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕೂತು ಅಕ್ಟೋಬರ್ ತಿಂಗಳ ಸಂಚಿಕೆಗಳನ್ನು ಒಂದೊಂದಾಗಿ ತಿರುಗಿಸಿದೆ. ಮೊದಲ ಪುಟವೆಲ್ಲ ಯುದ್ಧದ ಸುದ್ದಿ, ಮತ್ತು ಯುದ್ಧದ ಖರ್ಚಿಗೆ ಸರ್ಕಾರ ಹೊರಡಿಸಿದ ನಾಲ್ಕನೆಯ ಲಿಬರ್ಟಿ ಸಾಲಪತ್ರಗಳನ್ನು ಕೊಳ್ಳಿರೆಂಬ ಕರೆ. ಕಾಯಿಲೆಯ ಸುದ್ದಿ ಒಳಪುಟಗಳಲ್ಲಿ, ಯಾರ ಮನೆಗೆ ಯಾರು ನೆಂಟರು ಬಂದರು ಎಂಬ ಊರ ಸಮಾಚಾರದ ಸಾಲುಗಳ ನಡುವೆ, ಇಂಥವರಿಗೆ ಮೈ ಹುಷಾರಿಲ್ಲ ಎಂಬ ಒಂದು ವಾಕ್ಯವಾಗಿ ಇರುತ್ತಿತ್ತು. ಕೆಲವು ದಿನಗಳ ನಂತರದ ಸಂಚಿಕೆಯಲ್ಲಿ ಅದೇ ಹೆಸರು ಶ್ರದ್ಧಾಂಜಲಿಯ ಅಂಕಣದಲ್ಲಿ ಕಾಣಿಸುತ್ತಿತ್ತು. ಪತ್ರಿಕೆ ಸಾವನ್ನು ಹೇಗೆ ಮೆಲುದನಿಯಲ್ಲಿ ಹೇಳಿತು ಎಂಬುದರ ಬಗ್ಗೆ ಮೊದಲ ಅಧ್ಯಾಯ ಬರೆದು ನನ್ನ ಮಾರ್ಗದರ್ಶಕಿಗೆ ಕೊಟ್ಟೆ. ಅವರು ಅದನ್ನು ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದ ಜಾಗಗಳನ್ನು ತೋರಿಸುತ್ತಾ, "ಪತ್ರಿಕೆ ಏನು ಬರೆಯಿತು ಎಂಬುದನ್ನು ಚೆನ್ನಾಗಿ ತೋರಿಸಿದ್ದೀಯ. ಜನ ಏನು ಮಾಡಿದರು ಎಂದು ಇಲ್ಲೆಲ್ಲ ಹೇಳುತ್ತಿದ್ದೀಯಲ್ಲ, ಅದು ನಿನಗೆ ಎಲ್ಲಿಂದ ಗೊತ್ತಾಯಿತು?" ಎಂದು ಕೇಳಿದರು.

ಆ ಒಂದು ಪ್ರಶ್ನೆ ನನ್ನನ್ನು ಶಾಲಾ ಮಂಡಳಿಯ ನಡಾವಳಿ ಪುಸ್ತಕಗಳ ಕಡೆಗೆ ಕಳಿಸಿತು. ಶಾಲೆಗಳನ್ನು ಮುಚ್ಚಿದ್ದು ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿ; ನಡಾವಳಿಯಲ್ಲಿ ಅದು ಹಲವು ಪುಟಗಳ ವಾಗ್ವಾದ. ಮುಚ್ಚಿದ ದಿನಗಳಿಗೆ ಶಿಕ್ಷಕಿಯರಿಗೆ ಸಂಬಳ ಕೊಡಬೇಕೇ, ಕೊಟ್ಟರೆ ಆ ದಿನಗಳನ್ನು ರಜೆಯಲ್ಲಿ ತುಂಬಿಸಿಕೊಳ್ಳಬೇಕೇ, ಅವರನ್ನು ದಾದಿಯರಂತೆ ಮನೆಮನೆಗೆ ಕಳಿಸಬಹುದೇ ಎಂದು ಸದಸ್ಯರು ಜಗ್ಗಾಡಿದ್ದರು. ಕೈಬರಹದ ಆ ಪುಟಗಳನ್ನು ಓದುತ್ತಿದ್ದ ಹಾಗೆ ನನ್ನ ಥೀಸಿಸ್‌ನ ವಿಷಯವೇ ಬದಲಾಯಿತು. ಪತ್ರಿಕೆಯ ಭಾಷೆಯಿಂದ ಹೊರಟದ್ದು ಆ ಶಿಕ್ಷಕಿಯರ ಕೆಲಸ ಮತ್ತು ಕೂಲಿಯ ಕಡೆಗೆ ತಿರುಗಿತು. ಮಾರ್ಗದರ್ಶಕಿ ಎಂದೂ ನನಗೆ ಉತ್ತರ ಹೇಳಿಕೊಡಲಿಲ್ಲ. ಎರಡು ವಾರಕ್ಕೊಮ್ಮೆ ಅವರ ಕೋಣೆಯಲ್ಲಿ ಕೂತಾಗ, ನಾನು ತಂದ ಪುಟಗಳನ್ನು ಇಬ್ಬರೂ ಓದುತ್ತಿದ್ದೆವು, ಮತ್ತು ಪ್ರತಿಯೊಂದು ನಿರ್ಣಯಾತ್ಮಕ ವಾಕ್ಯದ ಮುಂದೆಯೂ ಅದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಿತ್ತು. ಪದವಿಯ ಉಳಿದ ಓದಿನಲ್ಲಿ ಯಾರೂ ನನ್ನ ಒಂದು ವಾಕ್ಯವನ್ನು ಅಷ್ಟು ಹೊತ್ತು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಆನರ್ಸ್‌ನಿಂದ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಕೋಣೆಯಲ್ಲಿ ಕಳೆದ ಹೊತ್ತು.

ಇದರಿಂದ ಲೌಕಿಕವಾದ ಪ್ರಯೋಜನಗಳೂ ಇವೆ, ಅವುಗಳನ್ನು ಹೇಳಲು ಸಂಕೋಚ ಪಡಬೇಕಾಗಿಲ್ಲ. ಸ್ನಾತಕೋತ್ತರ ಓದಿಗೋ ಕೆಲಸಕ್ಕೋ ಹೋಗುವಾಗ, ಒಂದು ವರ್ಷ ಜೊತೆಗೆ ಕೆಲಸ ಮಾಡಿದ ಅಧ್ಯಾಪಕರು ಬರೆಯುವ ಶಿಫಾರಸು ಪತ್ರಕ್ಕೆ ಸರಿಸಾಟಿಯಾದದ್ದು ಬೇರೆ ಇಲ್ಲ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಅಮೆರಿಕದ ಕಾಂಗ್ರೆಸ್ 1986ರಲ್ಲಿ ಸ್ಥಾಪಿಸಿದ ಗೋಲ್ಡ್‌ವಾಟರ್ ವಿದ್ಯಾರ್ಥಿವೇತನ, ಸಾರ್ವಜನಿಕ ಸೇವೆಗೆ ಹೋಗಬಯಸುವವರಿಗಾಗಿ 1975ರಲ್ಲಿ ಸ್ಥಾಪಿಸಿದ ಟ್ರೂಮನ್ ವಿದ್ಯಾರ್ಥಿವೇತನ, ಇಂಥವುಗಳಿಗೆ ವಿದ್ಯಾರ್ಥಿಯನ್ನು ಕಾಲೇಜೇ ನಾಮನಿರ್ದೇಶನ ಮಾಡಬೇಕು. ಕಾಲೇಜು ತಮ್ಮನ್ನು ಗುರುತಿಸಲಿ ಎಂದು ಕಾದು ಕೂರುವವರಿಗಿಂತ, ಆನರ್ಸ್ ಕಚೇರಿಯವರಿಗೆ ಮುಖಪರಿಚಯವಿರುವ, ಸಂಶೋಧನೆಯಲ್ಲಿ ಆಗಲೇ ತೊಡಗಿರುವ ವಿದ್ಯಾರ್ಥಿಗೆ ಈ ನಾಮನಿರ್ದೇಶನದ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಆರ್‌ಇಯು ಯೋಜನೆಯಡಿ ಬೇಸಿಗೆಯಲ್ಲಿ ಭತ್ಯೆ ಪಡೆದು ಬೇರೊಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಕಾಶವೂ ಇದೆ. ಟ್ರೂಮನ್ ಅಮೆರಿಕದ ನಾಗರಿಕರಿಗೆ ಮಾತ್ರ. ಗೋಲ್ಡ್‌ವಾಟರ್, ಆರ್‌ಇಯುಗಳಿಗೆ ಗ್ರೀನ್ ಕಾರ್ಡ್ ಉಳ್ಳವರೂ ಅರ್ಹರು. ಭಾರತದಿಂದ ಎಫ್-1 ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಇವುಗಳನ್ನು ನಂಬಿ ಕೂರದೆ, ಆನರ್ಸ್ ಕಾಲೇಜುಗಳು ತಮ್ಮದೇ ನಿಧಿಯಿಂದ ಥೀಸಿಸ್ ಸಂಶೋಧನೆಗೆ, ಪ್ರಯಾಣಕ್ಕೆ ಕೊಡುವ ಸಣ್ಣ ಅನುದಾನಗಳನ್ನು ವಿಚಾರಿಸುವುದು ಮೇಲು. ಅವುಗಳಿಗೆ ಪೌರತ್ವದ ನಿಬಂಧನೆ ಇರಲೇಬೇಕೆಂದಿಲ್ಲ.

ಹೊರೆಯ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಕಾರ್ಯಕ್ರಮದಲ್ಲಿ ಮುಂದುವರಿಯಲು ನಾಲ್ಕಕ್ಕೆ 3.2ರಿಂದ 3.5ರ ಸುತ್ತಮುತ್ತಲಿನ ಜಿಪಿಎಯನ್ನು ಕಾಯ್ದುಕೊಳ್ಳಬೇಕೆಂಬ ನಿಯಮ ಹಲವು ಕಡೆ ಇದೆ. ಎಂಜಿನಿಯರಿಂಗ್ ಓದುವವರ ಪಠ್ಯಕ್ರಮದಲ್ಲಿ ಆಯ್ಕೆಗೆ ಜಾಗ ಕಡಿಮೆ, ಆದ್ದರಿಂದ ಆನರ್ಸ್ ಕ್ರೆಡಿಟ್‌ಗಳು ಯಾವ ಸೆಮಿಸ್ಟರಿನಲ್ಲಿ ಕೂರುತ್ತವೆ ಎಂಬುದನ್ನು ಮೊದಲ ವರ್ಷವೇ ಅಡ್ವೈಸರ್ ಜೊತೆ ಕೂತು ನಾಲ್ಕು ವರ್ಷಕ್ಕೂ ಬರೆದಿಟ್ಟುಕೊಳ್ಳಬೇಕು. ಕೊನೆಯ ವರ್ಷದ ವಿನ್ಯಾಸ ಯೋಜನೆಯನ್ನೇ ವಿಸ್ತರಿಸಿ ಥೀಸಿಸ್ ಮಾಡಲು ಅನುಮತಿಯಿದೆಯೇ ಎಂದು ಆಗಲೇ ಕೇಳಬೇಕು. ವೈದ್ಯಕೀಯ ಕಾಲೇಜಿಗೆ ಹೋಗಬೇಕೆಂದಿರುವವರು ಜಿಪಿಎ ಕೆಡುತ್ತದೆಂದು ಆನರ್ಸ್ ಸೆಮಿನಾರುಗಳಿಂದ ದೂರ ಉಳಿಯುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಸೆಮಿನಾರಿನಲ್ಲಿ ಅಂಕ ಬೀಳುವುದು ಓದಿಕೊಂಡು ಬಂದು ಮಾತನಾಡಿದ್ದಕ್ಕೆ, ತಿದ್ದಿ ತಿದ್ದಿ ಬರೆದದ್ದಕ್ಕೆ. ಶ್ರಮ ಹಾಕುವ ವಿದ್ಯಾರ್ಥಿಗೆ ಅದು ದೊಡ್ಡ ಉಪನ್ಯಾಸ ತರಗತಿಯ ಬಹು ಆಯ್ಕೆಯ ಪರೀಕ್ಷೆಗಿಂತ ಕಠೋರವೇನಲ್ಲ. ಆರೋಗ್ಯವೋ ಕುಟುಂಬದ ಪರಿಸ್ಥಿತಿಯೋ ಸರಿಯಿಲ್ಲದೆ ಮಧ್ಯದಲ್ಲಿ ಬಿಡಬೇಕಾಗಿ ಬಂದರೆ ಬಿಡಬಹುದು. ಪದವಿಗೆ ಯಾವ ಧಕ್ಕೆಯೂ ಆಗುವುದಿಲ್ಲ, ಮುಗಿಸಿದ ಆನರ್ಸ್ ಪಾಠಗಳು ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ಉಳಿಯುತ್ತವೆ. ಮಕ್ಕಳು ಹೀಗೆ ಬಿಟ್ಟಾಗ ಮನೆಯವರು ಅದನ್ನು ಸೋಲೆಂದು ಕಾಣಬಾರದು ಎಂಬುದು ನನ್ನ ಕಳಕಳಿಯ ಕೋರಿಕೆ.

ಆನರ್ಸ್ ಎಂಬುದು ಸಾರ್ವಜನಿಕ ವಿಶ್ವವಿದ್ಯಾಲಯದೊಳಗೆ ಕೆಲವರಿಗಾಗಿ ಕಟ್ಟಿದ ದ್ವೀಪ ಎಂಬ ಟೀಕೆಯಿದೆ, ಮತ್ತು ಅದರಲ್ಲಿ ಹುರುಳಿದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಹೋಗುತ್ತಿರುವ ವಿದ್ಯಾರ್ಥಿಗೆ ಇಂಥದೊಂದು ಇದೆ ಎಂದು ಹೇಳುವವರೇ ಇರುವುದಿಲ್ಲ. ಕೌನ್ಸೆಲರುಗಳಿರುವ ಅನುಕೂಲಸ್ಥ ಶಾಲೆಗಳ ಮಕ್ಕಳು ಒಂಬತ್ತನೇ ತರಗತಿಯಿಂದಲೇ ತಯಾರಾಗಿರುತ್ತಾರೆ. ನಮ್ಮ ಸಮಿತಿಯಲ್ಲಿ ಇದರ ಬಗ್ಗೆ ಪ್ರತಿ ವರ್ಷವೂ ಚರ್ಚೆ ನಡೆಯುತ್ತದೆ. ಹೈಸ್ಕೂಲಿನ ದಾಖಲೆಗೆ ಕೊಡುವ ತೂಕವನ್ನು ಇಳಿಸಿ, ಕಾಲೇಜಿಗೆ ಬಂದ ಮೇಲೆ ಸೇರುವವರಿಗೆ ಹೆಚ್ಚು ಜಾಗ ಇಡಬೇಕೆಂಬುದು ನನ್ನ ವಾದ, ಏಕೆಂದರೆ ಹದಿನೇಳನೇ ವಯಸ್ಸಿನಲ್ಲಿ ತನ್ನ ಪ್ರಶ್ನೆ ಯಾವುದೆಂದು ಗೊತ್ತಿಲ್ಲದ ಹುಡುಗನಿಗೆ ಎರಡು ಸೆಮಿಸ್ಟರ್ ಕಳೆದ ಮೇಲೆ ಅದು ಸಿಕ್ಕಿರಬಹುದು.

ಹಾಗೆ ತಡವಾಗಿ ಸೇರುವ ದಾರಿ ಬಹಳಷ್ಟು ಕಡೆ ಈಗಾಗಲೇ ಇದೆ, ಆದರೆ ಅದನ್ನು ಬಳಸುವವರು ಕಡಿಮೆ. ಮೊದಲ ಸೆಮಿಸ್ಟರ್ ಅಥವಾ ಮೊದಲ ವರ್ಷ ಮುಗಿದ ಮೇಲೆ ಕಾಲೇಜಿನ ಜಿಪಿಎ ಮತ್ತು ಒಬ್ಬ ಪ್ರೊಫೆಸರ್ ಅವರ ಪತ್ರದೊಡನೆ ಅರ್ಜಿ ಹಾಕಬಹುದು. ಕೆಲವೆಡೆ ಥೀಸಿಸ್ ಬರೆಯುವ ಸಲುವಾಗಿಯೇ ಮೂರನೆಯ ವರ್ಷ, ತಮ್ಮ ವಿಷಯದ ವಿಭಾಗವೇ ನಡೆಸುವ ಆನರ್ಸ್‌ಗೆ ಸೇರಬಹುದು. ಎರಡು ವರ್ಷದ ಓದಿನ ಕಮ್ಯುನಿಟಿ ಕಾಲೇಜುಗಳಲ್ಲಿಯೂ ಆನರ್ಸ್ ಕಾರ್ಯಕ್ರಮಗಳಿವೆ, ಅಲ್ಲಿಂದ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ವರ್ಗವಾಗುವಾಗ ಕೆಲವು ಕಡೆ ಅದಕ್ಕೆ ವಿಶೇಷ ಮನ್ನಣೆಯೂ ಇದೆ. ಹೈಸ್ಕೂಲಿನಲ್ಲಿ ಅರ್ಜಿ ತಿರಸ್ಕೃತವಾಯಿತೆಂದು ಕೊರಗುವ ಮಕ್ಕಳಿಗೆ ನಾನು ಹೇಳುವುದು ಇಷ್ಟು: ಮೊದಲ ಸೆಮಿಸ್ಟರಿನಲ್ಲಿ ಮನಸ್ಸಿಗೆ ಹಿಡಿಸಿದ ಒಂದು ಪಾಠದ ಪ್ರೊಫೆಸರ್ ಅವರ ಆಫೀಸ್ ಅವರ್ಸ್‌ಗೆ, ಅಂದರೆ ವಿದ್ಯಾರ್ಥಿಗಳ ಭೇಟಿಗೆಂದು ಅವರು ಕೋಣೆಯಲ್ಲಿರುವ ಹೊತ್ತಿಗೆ ಹೋಗಿ, ತರಗತಿಯಲ್ಲಿ ಅವರು ಹೇಳಿದ ಯಾವುದಾದರೊಂದು ಮಾತಿನ ಬಗ್ಗೆ ನಿಮಗಿರುವ ಸಂದೇಹವನ್ನು ಕೇಳಿ, ಅವರು ಓದಲು ಹೇಳಿದ್ದನ್ನು ಓದಿಕೊಂಡು ಮುಂದಿನ ವಾರ ಮತ್ತೆ ಹೋಗಿ. ಆನರ್ಸ್ ಅರ್ಜಿಯನ್ನು ಜನವರಿಯಲ್ಲಿ ಹಾಕಿದರಾಯಿತು, ಅಷ್ಟರೊಳಗೆ ಪತ್ರ ಬರೆಯುವವರೂ ಸಿಕ್ಕಿರುತ್ತಾರೆ, ಬರೆಯುವುದಕ್ಕೆ ವಿಷಯವೂ ಸಿಕ್ಕಿರುತ್ತದೆ.